ಉಪ್ಪು ಕಾಫಿ ಕುಡಿಸಿ ಗೆದ್ದೆ

ಸುಂಟಿಕೊಪ್ಪ, ಗುರುವಾರ

ಅತ್ತೆಗೆ ನಮಸ್ಕಾರ.

ಗೆದ್ದೆವು! ಕರಾವಳಿಯ ಯಾವ ಊರಿಗೆ ಕಡಲಿನಿಂದ ಎಷ್ಟು ಅಪಾಯ ಎಂದು ನಿರ್ಧರಿಸುವ ಸಭೆ ಇಟ್ಟದ್ದು ಕಡಲೇ ಕಾಣದ ಈ ಗುಡ್ಡದ ಮೇಲೆ! ಗೋಡೆಯಷ್ಟು ದೊಡ್ಡ ನಕ್ಷೆಯಲ್ಲಿ ನಮ್ಮೂರಿಗೆ ಹಸಿರು ಬಣ್ಣ. "ಕಲ್ಲಿನ ತಡೆಗೋಡೆ ಇದೆಯಲ್ಲ, ನಿಮಗೇನು ಭಯ?" ಎಂದರು ದೊಡ್ಡ ಸಾಹೇಬರು. ನಾನು ವಾದಿಸಲಿಲ್ಲ. ನೀವು ನಮ್ಮ ಬಾವಿಯಿಂದ ತುಂಬಿಸಿಕೊಟ್ಟ ಕ್ಯಾನನ್ನು ಅಡುಗೆಯ ಪೊನ್ನಮ್ಮಕ್ಕನಿಗೆ ಕೊಟ್ಟು, ಎಲ್ಲರಿಗೂ ಈ ನೀರಲ್ಲೇ ಬೆಲ್ಲದ ಕಾಫಿ ಮಾಡಿ ಎಂದೆ. "ಎಂಥ ನೀರು ಮಾರಾಯ್ತಿ ಇದು, ಬೆಲ್ಲ ಹಾಕಿದಷ್ಟೂ ನುಂಗ್ತದೆ!" ಎಂದು ಅವರು ಗೊಣಗಿದರು.

ಒಂದು ಗುಟುಕಿಗೇ ಸಾಹೇಬರು ಮುಖ ಕಿವುಚಿದರು. "ಕಾಫಿಗೆ ಉಪ್ಪು ಹಾಕಿದ್ದು ಯಾರು?"

"ಕಡಲು, ಸಾರ್. ನಿಮ್ಮ ಗೋಡೆಯ ಅಡಿಯಿಂದ ಬಂದು ನಮ್ಮ ಬಾವಿಗೇ ಹಾಕಿದೆ."

ಸಭೆ ಮುಗಿಯುವ ಮೊದಲೇ ನಕ್ಷೆಯಲ್ಲಿ ನಮ್ಮೂರು ಕುಂಕುಮದ ಹಾಗೆ ಕೆಂಪಾಯಿತು. ಕೆಂಪಾದ ಊರುಗಳಿಗೇ ಮೊದಲು ನಲ್ಲಿ ನೀರಂತೆ. ಅಪಾಯದಲ್ಲಿದ್ದೀರಿ ಎಂದು ಹೇಳಿಸಿಕೊಂಡು ಚಪ್ಪಾಳೆ ತಟ್ಟಿದವಳು ನಾನೊಬ್ಬಳೇ!

ಇಲ್ಲಿ ಸಿಗ್ನಲ್ ಇಲ್ಲ, ಅದಕ್ಕೇ ಕಾರ್ಡು. ಚಳಿಗೆ ಮೂಗು ಕಟ್ಟಿದೆ, ಬೇರೇನೂ ಇಲ್ಲ. ಟಪಾಲು ಒಯ್ಯುವ ಬಸ್ಸು ಬಂತು. ಕೇರಿಯವರಿಗೆಲ್ಲ ಪಾಯಸ ಮಾಡಿ ಹಂಚಿ. ನೀರು ಮಾತ್ರ ಟ್ಯಾಂಕರಿನದ್ದೇ ಹಾಕಿ.

ನಿಮ್ಮ ಸೊಸೆ
ಹರಿಣಾಕ್ಷಿ