ಎರಡು ಮಂಚದ ಕೋಣೆ

ಸೆಪ್ಟೆಂಬರ್ 26, ತುಕುಮಾನ್

ಈ ಸೀಸನ್ನಿನ ಕೊನೆಯ ನಿಂಬೆ ಪೆಟ್ಟಿಗೆಗಳು ಇಂದು ಹೋದವು. ಕೈ ಎರಡು ಸಲ ತೊಳೆದೆ. ವಾಸನೆ ಕ್ರಿಸ್ಮಸ್‌ವರೆಗೂ ಇರುತ್ತದೆ.

ಊಟದ ಹೊತ್ತಿಗೆ ಯೂನಿಯನ್ ಪ್ರತಿನಿಧಿ ದೊನ್ ಎವರಿಸ್ತೊ ಪ್ಯಾಕಿಂಗ್ ಮೇಜಿನ ಬಳಿ ಬಂದರು. “ಎಲ್ಬಾ, ನಿಮ್ಮ ಸರದಿ ಬಂತಮ್ಮ. ಸಮುದ್ರ!”

ಹನ್ನೊಂದು ವರ್ಷ ಕಾದದ್ದು. ಯೂನಿಯನ್ ಹೋಟೆಲು, ಏಳು ದಿನ, ಎರಡು ಮಂಚದ ಕೋಣೆ. ನನ್ನ ಮನೆಯ ಗೋಡೆಯ ಮೇಲೆ ಯೂನಿಯನ್ ಕೊಟ್ಟ ಹನ್ನೊಂದು ಕ್ಯಾಲೆಂಡರುಗಳಿವೆ. ಎಲ್ಲದರಲ್ಲೂ ಅದೇ ಹೋಟೆಲು, ಅದೇ ನೀಲಿ.

ಜೊತೆಗೆ ಬರುವವರು ಸದಸ್ಯರಾಗಿರಬೇಕು, ಇಲ್ಲವೇ ಮನೆಯವರು. ನನಗೆ ಮನೆಯವರಿಲ್ಲ. ಸದಸ್ಯರಲ್ಲಿ ಸುಲೇಮಾ ಇದ್ದಾಳೆ... ಇದ್ದಳು.

ಸೆಪ್ಟೆಂಬರ್ 28

ಸುಲೇಮಾ, ನಾನು ಹದಿನಾರು ವರ್ಷ ಒಂದೇ ಮೇಜು, ಎದುರುಬದುರು. ಇಬ್ಬರೂ ಸಮುದ್ರ ನೋಡಿದವರಲ್ಲ. ಎರಡು ವರ್ಷದ ಹಿಂದೆ ಎಂಟು ಜನರನ್ನು ಕೆಲಸದಿಂದ ತೆಗೆದರು — ಅವಳೂ ಒಬ್ಬಳು. ಯೂನಿಯನ್ ಒಂದು ಕಾಗದ ಬರೆಯಿತು, ಅಷ್ಟೇ. ಅದೇ ತಿಂಗಳು ಅದೇ ಯೂನಿಯನ್ ನನ್ನ ಮಣಿಕಟ್ಟಿನ ಆಪರೇಷನ್ ಮಾಡಿಸಿತು. ಆ ಕೈಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಸುಲೇಮಾ ಸದಸ್ಯತ್ವದ ಕಾರ್ಡು ಹಿಂದಿರುಗಿಸಿದಳು. ಈಗ ಬಸ್ ನಿಲ್ದಾಣದಲ್ಲಿ ಎಂಪನಾಡ ಕಡುಬು ಕರಿದು ಮಾರುತ್ತಾಳೆ.

ಅಕ್ಟೋಬರ್ 6

ಬಸ್ ನಿಲ್ದಾಣಕ್ಕೆ ಹೋಗಿ ಸುಲೇಮಾಳನ್ನು ಕೇಳಿಯೇಬಿಟ್ಟೆ.

“ತಂಗಿ ಅಂತ ಬರೆಸ್ತೀನಿ. ದೊನ್ ಎವರಿಸ್ತೊ ಕಣ್ಣು ಮುಚ್ಕೋತಾರೆ.”

“ಕಣ್ಣು ಮುಚ್ಚೋದ್ರಲ್ಲಿ ಅವರು ಪಳಗಿದವರು ಬಿಡು. ಅವತ್ತೂ ಮುಚ್ಕೊಂಡಿದ್ರಲ್ಲ!”

“ಹಾಗನ್ಬೇಡ್ವೇ. ಅವರಿಲ್ದಿದ್ರೆ ನನ್ನ ಕೈ—”

“ನಿನ್ನ ಕೈ ಉಳೀತು. ನನ್ನ ಕೆಲಸ ಉಳೀಲಿಲ್ಲ. ಎರಡೂ ನಿಜ ಕಣೇ. ಆರಿಹೋಗತ್ತೆ, ತಿನ್ನು.”

ತಿಂದೆ. ಹೊರಡುವಾಗ ತೊಳೆದ ಸೋಡಾ ಬಾಟಲಿಯೊಂದನ್ನು ಚೀಲಕ್ಕೆ ತುರುಕಿದಳು. “ಬರ್ತಾ ಸಮುದ್ರದ ನೀರು ತುಂಬಿಸ್ಕೊಂಡು ಬಾ. ಅಷ್ಟೊಂದು ಉಪ್ಪಾ ಅಂತ ನೋಡ್ಬೇಕು.”

ನವೆಂಬರ್ 10, ಹೋಟೆಲು

ಸಮುದ್ರ ಕ್ಯಾಲೆಂಡರಿನ ನೀಲಿ ಅಲ್ಲ. ಬೂದು. ಸದ್ದು ಇಷ್ಟಿರುತ್ತದೆಂದು ಯಾರೂ ಹೇಳಿರಲಿಲ್ಲ.

ಊಟದ ಮನೆ ತುಂಬ ಕಬ್ಬಿನ ಮಿಲ್ಲಿನವರು, ರೈಲ್ವೆಯವರು, ಬಿಸಿಲಿಗೆ ಮೂಗು ಸುಟ್ಟುಕೊಂಡ ಮಕ್ಕಳು. ಯೂನಿಯನ್ ಇಲ್ಲದಿದ್ದರೆ ಇವರಲ್ಲಿ ಒಬ್ಬರಾದರೂ ಇಲ್ಲಿಗೆ ಬರುತ್ತಿದ್ದರೇ? ನಾನಂತೂ ಇಲ್ಲ. ಇದನ್ನು ಸುಲೇಮಾಗೆ ಹೇಳಬೇಕು. ಹೇಳಿದರೆ ಏನನ್ನುತ್ತಾಳೆಂದೂ ಗೊತ್ತು.

ಬಡಿಸುವವನು ಎರಡು ತಟ್ಟೆ ಇಟ್ಟ. “ಜೊತೆಯವರು ಇನ್ನೂ ಬಂದಿಲ್ವಾ ಮೇಡಂ?”

“ಬರ್ತಾರೆ” ಎಂದೆ.

ನವೆಂಬರ್ 14

ಯಾರೂ ಮಲಗದ ಮಂಚದ ಹಾಸಿಗೆಯನ್ನೂ ದಿನಾ ಬೆಳಗ್ಗೆ ಕೊಡವಿ ಹಾಸುತ್ತಾರೆ. ಎರಡು ಟವೆಲು. ಬೇಡವೆಂದು ಹೇಳಲಾಗಲಿಲ್ಲ.

ನವೆಂಬರ್ 16, ಬೆಳಗ್ಗೆ 7

ಹನ್ನೊಂದಕ್ಕೆ ಬಸ್ಸು. ಮೊಣಕಾಲಿನವರೆಗೆ ನೀರಿಗಿಳಿದು ಬಾಟಲಿ ತುಂಬಿಸಿದೆ. ಸ್ವಲ್ಪ ಮರಳೂ ಬಂತು. ಇರಲಿ.

ಏಳು ದಿನ ಇಲ್ಲಿದ್ದೂ ಈ ನೀರನ್ನು ಬಾಯಿಗೆ ಹಾಕಿಲ್ಲ ಎಂದು ಈಗ ಹೊಳೆಯಿತು. ಮುಚ್ಚಳ ಬಿಗಿಯುವ ಮುಂಚೆ ಬೆರಳು ಅದ್ದಿದೆ. ನಾಲಿಗೆಯವರೆಗೂ ತಂದೆ.

ಬೇಡ. ಮೊದಲು ಅವಳು ರುಚಿ ನೋಡಲಿ.