ತುಂಬಿಯ ಇಪ್ಪತ್ನಾಲ್ಕು ದಿನ

ನಂಜನಗೂಡು
7 ಆಗಸ್ಟ್ 2025, ಗುರುವಾರ

ನನ್ನ ಮಗಳು ಶಿವರಂಜನಿಗೆ ನಿನ್ನವ್ವನ ತುಂಬು ಮನಸ್ಸಿನ ಆಶೀರ್ವಾದ.

ತುಂಬಿ ಮನೆಗೆ ಬಂದಳು. ಇದನ್ನು ಫೋನಿನಲ್ಲೇ ಹೇಳಿದ್ದೇನೆ, ಆದರೂ ಇನ್ನೊಮ್ಮೆ ಬರೆಯುವುದೇ ಒಂದು ಖುಷಿ. ಈಗ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಅವಳಮ್ಮನ ಕೈಲಿ ತಲೆ ಬಾಚಿಸಿಕೊಳ್ಳುತ್ತಿದ್ದಾಳೆ. ಬಾಲಮಂದಿರದಲ್ಲಿ ಹೇನಾಗುತ್ತದೆಂದು ಕೂದಲು ಗಿಡ್ಡ ಮಾಡಿಬಿಟ್ಟಿದ್ದಾರೆ. ಬಾಚುವುದಕ್ಕೆ ಏನೂ ಉಳಿದಿಲ್ಲ, ಆದರೂ ಶೆಫಾಲಿ ಬಾಚುತ್ತಲೇ ಇದ್ದಾಳೆ.

ಟಿ. ನರಸೀಪುರ ಏನು ದೂರವೇ, ಬಸ್ಸು ಹತ್ತಿ ಬಂದು ಮಾತಾಡಬಹುದಿತ್ತು. ಆದರೆ ನಿನ್ನ ಮುಖ ನೋಡಿಕೊಂಡು ಹೇಳಲಾರದ ಮಾತು ಒಂದಿದೆ. ಅದಕ್ಕೇ ಈ ಕಾಗದ. ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ಬಿಡಿಬಿಡಿಯಾಗಿ ಹೇಳುತ್ತಾ ಹೋದದ್ದರಿಂದಲೇ ಇಷ್ಟು ದಿನ ಆ ಮಾತನ್ನು ನುಂಗಿಕೊಳ್ಳುವುದು ನನಗೆ ಸುಲಭವಾಯಿತು.

ಮಾಣಿಕ್, ಶೆಫಾಲಿ ಬಂಗಾಳದಿಂದ ಕಾರ್ಖಾನೆ ಕೆಲಸಕ್ಕೆ ಬಂದು ನಮ್ಮ ವಠಾರದ ಮೂರನೇ ಮನೆಗೆ ಸೇರಿ ಏಳು ವರ್ಷವಾಯಿತು. ತುಂಬಿ ಹುಟ್ಟಿದ್ದು ಲಾಕ್‌ಡೌನಿನಲ್ಲಿ. ಆಗ ಮಾಣಿಕ್ ಕಾರ್ಖಾನೆಯೊಳಗೇ ಸಿಕ್ಕಿಬಿದ್ದಿದ್ದ. ಗಾಡಿಯಿಲ್ಲ, ಆಟೋ ಇಲ್ಲ. ನೋವು ಬಂದಾಗ ಶೆಫಾಲಿಯನ್ನು ಹೆಗಲಿಗೆ ಒರಗಿಸಿಕೊಂಡು ಆಸ್ಪತ್ರೆಯ ತನಕ ನಡೆಸಿದವಳು ನಾನು. ನರ್ಸಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮೊದಲು ಇಟ್ಟಿದ್ದು ನನ್ನ ಕೈಯಲ್ಲಿ. ಅವರು ಟುಂಪಾ ಎಂದು ಹೆಸರಿಟ್ಟರು, ನಮ್ಮ ಬಾಯಲ್ಲಿ ಅದು ತುಂಬಿಯಾಯಿತು. ಆ ಗಲಾಟೆಯ ಕಾಲದಲ್ಲಿ ಜನನ ಪತ್ರ ಪಡೆಯುವುದು ಯಾರಿಗೂ ನೆನಪಾಗಲಿಲ್ಲ. ಆಮೇಲೂ ಆಗಲಿಲ್ಲ.

ನೀನು ಮಾತ್ರ ಎಚ್ಚರಿಸುತ್ತಲೇ ಇದ್ದೆ. ಬಂಗಾಳಿ ಮಾತಾಡುವವರ ದಾಖಲೆ ನೋಡುತ್ತಿದ್ದಾರೆ, ಹೊರದೇಶದವರೆಂಬ ಅನುಮಾನ ಬಂದರೆ ಕರೆದೊಯ್ಯುತ್ತಾರೆ ಎಂದು ಪತ್ರಿಕೆಯ ತುಣುಕುಗಳನ್ನು ಕಳಿಸುತ್ತಿದ್ದೆ. ಬಾಡಿಗೆಯವರ ವಿವರ ಸ್ಟೇಷನ್ನಿಗೆ ಕೊಡು, ತುಂಬಿಯ ಜನನ ಪತ್ರ ಮಾಡಿಸು ಎಂದು ಮೂರು ಸಲ ಹೇಳಿದೆ. ನಾನು, "ನಮ್ಮೂರಿಗ್ಯಾಕ್ ಬತ್ತಾರೆ ಬುಡು" ಎಂದುಬಿಟ್ಟೆ.

ಜುಲೈ ಹನ್ನೆರಡರ ಬೆಳಗ್ಗೆ ಪೊಲೀಸರು ಬಂದರು. ಮಾಣಿಕ್‌ನ ಗುರುತಿನ ಚೀಟಿ ಬಂಗಾಳದ ಊರಿನಲ್ಲಿತ್ತು, ಅವನ ಬಳಿ ಇದ್ದದ್ದು ಫೋನಿನಲ್ಲಿ ಅದರ ಒಂದು ಫೋಟೊ. ಅದು ಸಾಲದು, ಊರಿಂದ ಖಚಿತವಾಗುವ ತನಕ ಗಂಡ ಹೆಂಡತಿ ಬೆಂಗಳೂರಿನ ಬಂಧನ ಕೇಂದ್ರದಲ್ಲಿರಬೇಕು ಎಂದರು. ಮಗುವಿಗೆ ಯಾವ ಕಾಗದವೂ ಇಲ್ಲ, ಆದ್ದರಿಂದ ಮೈಸೂರಿನ ಬಾಲಮಂದಿರಕ್ಕೆ. ನನ್ನನ್ನು ಅವರು ಏನೂ ಕೇಳಲಿಲ್ಲ ಎಂದು ನಿನಗೆ ಹೇಳಿದ್ದೆನಲ್ಲ?

ಕೇಳಿದ್ದರು ಮಗಳೇ. ಗಂಡ ಹೆಂಡತಿಯನ್ನು ಜೀಪಿಗೆ ಹತ್ತಿಸಿ ಬಂದ ಆ ಅಧಿಕಾರಿ ಗದರಲೂ ಇಲ್ಲ. "ಅಮ್ಮಾ, ಮನೆ ನಿಮ್ಮದಾ? ಈ ಮಗು ಇವರದೇನಾ? ಗೊತ್ತಿದ್ರೆ ಹೇಳಿ, ಬರ್ಕೋತೀನಿ" ಎಂದರು. ತುಂಬಿ ನನ್ನ ಅಡುಗೆಮನೆಯಿಂದ ಅರ್ಧ ದೋಸೆ ಹಿಡಿದುಕೊಂಡು ಬಂದು ನನ್ನ ಕಾಲಿಗೆ ಅಂಟಿ ನಿಂತಿದ್ದಳು. ವಿವರ ಕೊಟ್ಟಿಲ್ಲವಲ್ಲ, ನನ್ನ ಮೇಲೂ ಕೇಸಾಗುತ್ತದೆ, ಮನೆಗೆ ಬೀಗ ಬೀಳುತ್ತದೆ ಎಂದು ಹೆದರಿದೆ. "ನಂಗೇನ್ ಗೊತ್ತು ಸಾ, ಬಾಡ್ಗೆಗೆ ಬಂದೋರು" ಎಂದೆ. ಅವರು ಬರೆದುಕೊಂಡರು.

"ನಾನ್ ಓಗಕಿಲ್ಲ ಕಣಜ್ಜಿ" ಎಂದು ತುಂಬಿ ನನ್ನ ಸೆರಗು ಹಿಡಿದಳು. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ್ದು ಪೊಲೀಸರಲ್ಲ, ನಾನು.

ಅವತ್ತಿನಿಂದ ನಾನು ಪತ್ರಿಕೆ ಓದತೊಡಗಿದೆ. ಬೆಳಗ್ಗೆ ಚೆಲುವರಾಜುವಿನ ಅಂಗಡಿ ತೆರೆಯುವ ಮುಂಚೆಯೇ ಹೋಗಿ ನಿಲ್ಲುತ್ತಿದ್ದೆ. ಸಂಜೆ ನೀನು ಫೋನಿಗೆ ಕಳಿಸಿದ್ದನ್ನು ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದುತ್ತಿದ್ದೆ. ಮಗು ಮೊದಲು ಹೆತ್ತವರ ಜತೆಗೇ ಇರಬೇಕು, ಬಾಲಮಂದಿರ ಕೊನೆಯ ದಾರಿ ಎಂದು ಕಾನೂನೇ ಹೇಳುತ್ತದೆ ಎಂದು ಒಂದು ಪುಟ ಕಳಿಸಿದ್ದೆಯಲ್ಲ, ಅದನ್ನು ಓದಿದ ದಿನ ಊಟ ಸೇರಲಿಲ್ಲ. ಕಾನೂನು ಮಗುವಿನ ಪರವಾಗಿತ್ತು, ನನ್ನ ಮಾತು ಅಡ್ಡ ಬಿದ್ದಿತ್ತು. ನಿನಗೆ ಹೇಳಬೇಕೆಂದು ದಿನವೂ ಫೋನು ಎತ್ತಿಕೊಳ್ಳುತ್ತಿದ್ದೆ. "ಊಟ ಆಯ್ತಾ" ಎಂದು ಕೇಳಿ ಇಟ್ಟುಬಿಡುತ್ತಿದ್ದೆ.

ಹತ್ತೊಂಬತ್ತನೆಯ ದಿನ ಊರಿನ ಪಂಚಾಯಿತಿಯಿಂದ ಖಚಿತಪತ್ರ ಬಂದು ಗಂಡ ಹೆಂಡತಿ ಹಿಂತಿರುಗಿದರು. ಇನ್ನೇನು ಮಗುವೂ ಬಂತು ಎಂದುಕೊಂಡರೆ, ನೀವೇ ಹೆತ್ತವರು ಎನ್ನುವುದಕ್ಕೆ ಪುರಾವೆ ತನ್ನಿ ಎಂದರು ಬಾಲಮಂದಿರದವರು. ಶೆಫಾಲಿ ದಿನಾ ಮೈಸೂರಿಗೆ ಹೋಗಿ ಆ ಗೇಟಿನ ಹೊರಗೆ ನಿಂತು ಬರುತ್ತಿದ್ದಳು. ಒಳಗೆ ಮಕ್ಕಳು ಪ್ರಾರ್ಥನೆ ಹೇಳುವುದು ಕೇಳಿಸುತ್ತದಂತೆ. ಅದರಲ್ಲಿ ತುಂಬಿಯ ದನಿ ಯಾವುದೆಂದು ಗೊತ್ತಾಗುವುದಿಲ್ಲವಂತೆ.

ಆಸ್ಪತ್ರೆಯಲ್ಲಿ ಹಳೆಯ ದಾಖಲೆ ನೋಡಿಕೊಳ್ಳುವ ಮಹಾದೇವಸ್ವಾಮಿ ಪುಣ್ಯಾತ್ಮ. ಎರಡು ದಿನ ಹುಡುಕಿ ಲಾಕ್‌ಡೌನ್ ವರ್ಷದ ರಿಜಿಸ್ಟರು ತೆಗೆದ. ಶೆಫಾಲಿ, ಹೆಣ್ಣು ಮಗು, ತಂದೆ ಮಾಣಿಕ್. ಜತೆಗೆ ಬಂದವರು ಎಂಬಲ್ಲಿ ನನ್ನ ಸಹಿ. "ಇದು ನಿಮ್ದೇ ಅಲ್ವಾ ಅಮ್ಮ?" ಎಂದು ಕೇಳಿದ. ನನ್ನದೇ ಎಂದೆ. ಪೊಲೀಸರಿಗೆ ಅವತ್ತು ಬರೆಸಿದ ಮಾತು ನೆನಪಾಯಿತು.

ಮೊನ್ನೆ ಮಂಗಳವಾರ ಮೈಸೂರಿನ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿನ್ನ ಕಚೇರಿಯ ವಕೀಲರು ಪುಟ್ಟರಾಜು ಅವರು ಚೆನ್ನಾಗಿಯೇ ವಾದಿಸಿದರು. ನೀನು ಟೈಪು ಮಾಡಿಕೊಟ್ಟ ಅರ್ಜಿಯನ್ನು ಸಮಿತಿಯ ಅಧ್ಯಕ್ಷೆ ಮೇಡಂ ಗಮನವಿಟ್ಟು ಓದಿದರು. ಆಮೇಲೆ ಪೊಲೀಸರ ಹಳೆಯ ವರದಿಯ ಹಾಳೆ ತಿರುವಿ, ಮನೆಯ ಮಾಲೀಕರಿಗೆ ಮಗುವಿನ ವಿಚಾರ ತಿಳಿದಿಲ್ಲ ಎಂದು ಇದೆಯಲ್ಲ, ಹಾಗಿದ್ದರೆ ಈ ಸಹಿ ಯಾರದು ಎಂದು ಕೇಳಿದರು. ಪುಟ್ಟರಾಜು ಅವರು ತಿರುಗಿ ನನ್ನನ್ನು ನೋಡಿದರು.

ನಾನು ಎದ್ದೆ. "ಅವತ್ತು ಸುಳ್ ಏಳ್ದೆ ತಾಯಿ. ಎದ್ರಕಂಡು ಏಳ್ದೆ. ಈ ಮಗೀನ ಮೊದ್ಲು ಎತ್ಕಂಡಿದ್ದು ನಾನೇ. ನನ್ ಮೇಲೆ ಏನ್ ಬೇಕಾದ್ರೂ ಬರ್ಕಳಿ, ಮಗೀನ ಅವರವ್ವನ ಕೈಗೆ ಕೊಟ್ಬುಡಿ" ಎಂದೆ.

ಆಕೆ ಬಯ್ಯಲಿಲ್ಲ. ಬಹಳ ಹೊತ್ತು ಬರೆದರು. ನನ್ನಿಂದ ಸಹಿ ಹಾಕಿಸಿಕೊಂಡರು. ಆಮೇಲೆ, ಮಗುವನ್ನು ಕರೆತನ್ನಿ ಎಂದರು.

ತುಂಬಿ ಯಾವುದೋ ದೊಗಳೆ ಫ್ರಾಕು ತೊಟ್ಟು ಬಾಗಿಲಲ್ಲಿ ನಿಂತಳು. ಓಡಿ ಬರಲಿಲ್ಲ. ಗುರುತು ಮರೆತಳೇ ಎಂದುಕೊಂಡೆ. ಶೆಫಾಲಿ ನೆಲಕ್ಕೆ ಕುಕ್ಕರಿಸಿ ಅವಳ ಭಾಷೆಯಲ್ಲಿ ಏನೋ ಕರೆದಳು. ಆ ಮಗು ಅಲ್ಲಿಂದಲೇ, ನಮ್ಮ ಕನ್ನಡದಲ್ಲಿ, "ಯಾಕವ್ವ ಇಷ್ಟು ಲೇಟು?" ಎಂದು ಕೇಳಿತು. ಆಮೇಲೆ ಓಡಿತು. ಮೇಡಂ ಕೂಡ ಕನ್ನಡಕ ತೆಗೆದು ಒರೆಸಿಕೊಂಡರು.

ಹೊರಗೆ ಬಂದಾಗ ಪುಟ್ಟರಾಜು ಅವರು, "ನಿಮ್ಮ ಮಗಳಿಗೆ ನಾನು ಹೇಳಲ್ಲ. ನೀವೇ ಹೇಳಿ" ಎಂದಷ್ಟೇ ಅಂದರು. ಹೇಳಿದ್ದೇನೆ.

ನಿನ್ನೆ ವಠಾರದ ಐದೂ ಮನೆಯವರ ವಿವರ ಸ್ಟೇಷನ್ನಿಗೆ ಕೊಟ್ಟು ಬಂದೆ. ಇಷ್ಟು ದಿನ ಏನ್ ಮಾಡ್ತಿದ್ರಿ ಎಂದು ಗದರಿ ಸೀಲು ಒತ್ತಿ ಕಳಿಸಿದರು. ಅಷ್ಟೇ. ಆ ಒಂದು ಗದರಿಕೆಗೆ ಹೆದರಿ ನಾನು ಮಾಡಿದ್ದು ಇದು. ಜನನ ಪತ್ರಕ್ಕೂ ಅರ್ಜಿ ಹಾಕಿಸಿದ್ದೇನೆ. ಎದೆಯ ಮೇಲಿನ ಕಲ್ಲು ಇಳಿದಂತಾಗಿದೆ. ನಿನ್ನೆ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ನಿನಗೆ ಕೋಪ ಬರುತ್ತದೆ, ಬರಲಿ. ಬಯ್ಯುವುದಿದ್ದರೆ ಭಾನುವಾರ ಬಂದು ಇಲ್ಲೇ ಬಯ್ಯಿ. ಪತ್ರಿಕೆಯ ತುಣುಕು ಕಳಿಸುವುದನ್ನು ಮಾತ್ರ ನಿಲ್ಲಿಸಬೇಡ. ಈಗ ಶೆಫಾಲಿಗೂ ನಾನೇ ಓದಿ ಹೇಳುತ್ತೇನೆ.

ನಿನ್ನ ಬರವನ್ನು ಕಾಯುವ ಅವ್ವ,
ಮಂಗಳಗೌರಿ

ಮರೆತ ಮಾತು: ಇವತ್ತು ಬೆಳಗ್ಗೆ ಶೆಫಾಲಿಯ ಎದುರು ಕೂತು ಎಲ್ಲವನ್ನೂ ಹೇಳಿ, ತಪ್ಪಾಯಿತು ಎಂದೆ. ಸಮಿತಿಯ ಮುಂದಾಡಿದ ಕನ್ನಡ ಅವಳಿಗೆ ಪೂರಾ ತಿಳಿದಿರಲಿಕ್ಕಿಲ್ಲ ಎಂದುಕೊಂಡಿದ್ದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸದೆ, "ನಂಗೆ ಗೊತ್ತು ಅಮ್ಮ. ಅವತ್ತೇ ಜೀಪಲ್ಲಿ ಕೂತಿದ್ದಾಗ ನಿಮ್ ಮಾತು ಕೇಳ್ತು" ಎಂದಳು. ಅದು ಗೊತ್ತಿದ್ದೂ, ಬೆಂಗಳೂರಿನಿಂದ ಬಂದ ದಿನ ಅವಳು ಮೊದಲು ತಟ್ಟಿದ್ದು ನನ್ನ ಬಾಗಿಲನ್ನೇ.