ಮೇಲಿನ ಬಿರಡೆ

ಇಳಕಲ್
ಭಾನುವಾರ, ೧೭ ನವೆಂಬರ್ ೨೦೨೪

ಪ್ರೀತಿಯ ಮುಮ್ತಾಜಗೆ, ನಿನ್ನ ಅಯೂಬನ ಸಲಾಮು.

ಮಾವನವರ ಕಣ್ಣು ಹೇಗಿದೆ? ಗುಡೂರಿನಲ್ಲಿ ಆ ಹನಿ ಔಷಧ ಸಿಗದಿದ್ದರೆ ತಿಳಿಸು, ಬಸ್ಸಿಗೆ ಕೊಟ್ಟು ಕಳಿಸುತ್ತೇನೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನಗೆ ಮಾತು ನಿಂತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಕಾಗದಕ್ಕೆ ಕಲೆ ಹತ್ತಿದೆ. ಎರಡು ಸಲ ಸಾಬೂನು ಹಚ್ಚಿ ತೊಳೆದರೂ ಹಳೆ ಗೇರ್ ಆಯಿಲಿನ ವಾಸನೆ ಕೈ ಬಿಡುತ್ತಿಲ್ಲ.

ಮಾವನವರ ಅಂಬಾಸಿಡರ್ ತಿರುಗಿ ಬಂದಿದೆ. ಕಣ್ಣು ಮಂಜಾದ ಮೇಲೆ ಅವರು ಅದನ್ನು ಮಾರಿದರಲ್ಲ, ಆ ರಾಚಪ್ಪ ಮಾಸ್ತರರೇ ನಿನ್ನೆ ಬಾಗಲಕೋಟೆಯ ವಿದ್ಯಾಗಿರಿಯಿಂದ ಹೊಡೆದುಕೊಂಡು ಬಂದರು. ಅಲ್ಲಿ ಇಂಥ ಹಳೆ ಗಾಡಿಗೆ ಯಾರೂ ಕೈ ಹಚ್ಚುತ್ತಿಲ್ಲವಂತೆ. ಇಳಿದವರೇ, "ಹುನಗುಂದ ದಾಟೂತನಾ ಹಿಂದ ಯಾರೋ ಕುಂತು ಅತ್ತಂಗ ಆತು. ನಿಮ್ಮ ಮಾವ ಚಲೋ ಗಾಡಿ ಹಚ್ಚಿದ ಬಿಡಪಾ ನನಗ" ಎಂದರು. ನಾನು ತಲೆ ತಗ್ಗಿಸಿ ಜಾಕ್ ಹಚ್ಚಿದೆ.

ಮಾವ ನನಗೆ ಕಲಿಸಿದ ಮೊದಲ ಪಾಠ ನಿನಗೂ ಬಾಯಿಪಾಠ. ಹಿಂದಿನ ಆಕ್ಸಲ್ಲಿಗೆ ಎರಡು ಬಿರಡೆ. ಎಣ್ಣೆ ತುಂಬುವುದು ಮೇಲಿನದರಿಂದ, ಇಳಿಸುವುದು ಕೆಳಗಿನದರಿಂದ. ಮೇಲಿನದು ಬಿಚ್ಚುತ್ತದೆಯೋ ಇಲ್ಲವೋ ನೋಡದೆ ಕೆಳಗಿನದನ್ನು ಮುಟ್ಟಬಾರದು. ನಿನ್ನೆ ಮಾಸ್ತರರು ಬೆನ್ನ ಹಿಂದೆಯೇ ನಿಂತಿದ್ದರು. ಅವರು ಮಾತು ಬೆಳೆಸುವ ಮೊದಲು ಕೆಲಸ ಮುಗಿದರೆ ಸಾಕೆನಿಸಿ ಕೆಳಗಿನದನ್ನೇ ಬಿಚ್ಚಿಬಿಟ್ಟೆ. ಎಣ್ಣೆಯೆಲ್ಲ ಇಳಿಯಿತು. ಮೇಲಿನದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಪಾನಾ ಹಾಕಿ ತಿರುಗಿಸಿದಷ್ಟೂ ಅದು ಜಾರಿ ಜಾರಿ ಬಿರಡೆಯ ಮೂಲೆಗಳೂ ಸವೆದವು. ಈಗ ಒಳಗೆ ಎಣ್ಣೆ ಇಲ್ಲ, ಹಾಕಲು ದಾರಿಯೂ ಇಲ್ಲ.

ತಾಟಿನಲ್ಲಿ ಕಪ್ಪು ಎಣ್ಣೆಯ ಜೊತೆ ಏನೋ ಮುದ್ದೆಮುದ್ದೆಯಾಗಿ ಬಿದ್ದಿತ್ತು. ಮಾಸ್ತರರು ಕಡ್ಡಿಯಿಂದ ಕೆದಕಿ, "ಇದೇನಲೇ, ಒಳಗ ರವಾದ ಗಂಜಿ ಕುದಿಸಿಯೇನು?" ಎಂದರು.

ಅದು ಕಟ್ಟಿಗೆಯ ಹೊಟ್ಟು, ಮುಮ್ತಾಜ. ಹಾಕಿದವನು ನಾನು.

ಗಾಡಿ ಕೊಡುವ ಹಿಂದಿನ ದಿನ ಮಾವ, "ಹಿಂದ ಗೇರ ಗುಂಯ್ ಅಂತಾವು. ಮಾಸ್ತರಗ ನೀನ ಹೇಳಿಬಿಡು. ಬ್ಯಾಡಂದ್ರ ಬ್ಯಾಡ" ಎಂದಿದ್ದರು. ಅಂಥವರ ಎದುರು ನಿಂತು ಅಷ್ಟು ಮಾತಾಡುವುದು ನನ್ನಿಂದ ಆಗುವಂತಿರಲಿಲ್ಲ. ಸದ್ದೇ ಇಲ್ಲದಿದ್ದರೆ ಹೇಳುವುದೇನಿರುತ್ತದೆ ಎಂದುಕೊಂಡೆ. ಪಕ್ಕದಲ್ಲಿ ಮಗ್ಗ ರಿಪೇರಿ ಮಾಡುವ ಬಡಿಗೇರ ಅಮರೇಶನ ಅಂಗಡಿಯಿಂದ ಸಾಗವಾನಿ ಹೊಟ್ಟು ತಂದು, ಗೇರಿನ ಸದ್ದು ಅಡಗಲೆಂದು ಎಣ್ಣೆಗೆ ಕಲಸಿ ತುಂಬಿದೆ. ಆರು ತಿಂಗಳು ಗಾಡಿ ಸುಮ್ಮನಿತ್ತು. ಆಮೇಲೆ ಮತ್ತೆ ಗುಂಯ್ ಎಂದಿತು; ಮಾಸ್ತರರು, ಜಾಫರಸಾಬ ಮುಪ್ಪಿನಲ್ಲಿ ಮೋಸ ಮಾಡಿದ ಎಂದು ಮಾವನ ಹೆಸರು ಹಿಡಿದು ಊರಿಗೆಲ್ಲ ಹೇಳಿದರು. ಮಾವ ತಮ್ಮ ಗ್ಯಾರೇಜಿನ ಕೀಲಿ ನನ್ನ ಕೈಗಿಟ್ಟು ಗುಡೂರಿಗೆ ಹೊರಟರು. ಅವತ್ತು ನೀನು, "ಅಬ್ಬಾ ಹೇಳಂದಿದ್ದು ಮಾಸ್ತರಗ ಹೇಳಿದಿಯೇನು?" ಎಂದು ಕೇಳಿದೆ. ಹೇಳಿದ್ದೆ, ಅವರೇ ಮರೆತಿದ್ದಾರೆ ಎಂದೆ. ನೀನು ನನ್ನ ಮುಖ ನೋಡಿ, ನಿನ್ನ ಬಟ್ಟೆಯ ಗಂಟೂ ಕಟ್ಟಿ ಅವರ ಜೊತೆ ಹೊರಟೆ.

ನಿನ್ನೆ ಮಾಸ್ತರರಿಗೆ ಎಲ್ಲ ಹೇಳಿದೆ. ಅವರು ಹಳೆ ಟಾಯರಿನ ಮೇಲೆ ಕುಳಿತರು. ಬೈಯಲಿಲ್ಲ. "ಆ ಮನುಷ್ಯಾನ ಸಲಾಮು ತೊಗೊಳ್ಳೂದ ಬಿಟ್ಟಿದ್ನಲ್ಲೋ ನಾ. ಗಾಡಿ ಎದ್ದಿದ್ರ ಈಗಿಂದೀಗ ಗುಡೂರಿಗೆ ಹೋಗ್ತಿದ್ನಿ" ಎಂದು ಬಾಗಲಕೋಟೆಯ ಬಸ್ಸು ಹಿಡಿದರು. ಗಾಡಿ ಒಯ್ಯಲು ಬುಧವಾರ ಬರುತ್ತಾರೆ.

ಆ ಬಿರಡೆಗೆ ಮಾವನವರ ಕೈಯೇ ಬೇಕು. ಎಲ್ಲಿ ಬಡಿಯಬೇಕು, ಎಷ್ಟು ಕಾಯಿಸಬೇಕು ಎಂಬುದನ್ನು ಅವರು ಬೆರಳಲ್ಲೇ ತಿಳಿಯುತ್ತಾರೆ. ಕರೆದುಕೊಂಡು ಬಾ. ಹೊರಡುವ ಮೊದಲು ಈ ಪತ್ರ ಅವರಿಗೆ ಓದಿ ಹೇಳು, ಒಂದು ಸಾಲೂ ಬಿಡಬೇಡ. ಕೇಳಿದ ಮೇಲೆ ಬರುವುದಿಲ್ಲ ಎಂದರೆ ಒತ್ತಾಯ ಮಾಡಬೇಡ. ನೀನು ಬರದಿದ್ದರೂ ನಾನು ಏನೂ ಅನ್ನುವುದಿಲ್ಲ. ಮೂರು ವರ್ಷ ಒಂದೇ ಮಾತನ್ನು ನುಂಗಿ ನುಂಗಿ ದಣಿದಿದ್ದೇನೆ.

ಕೈ ತೊಳೆದು ಕಾಯುತ್ತಿರುವ,
ಅಯೂಬ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಮರೇಶ ಬಂದು ತಾಟಿನಲ್ಲಿದ್ದ ಹೊಟ್ಟನ್ನು ನೋಡಿದ. ಮಾಸ್ತರರು ಒಯ್ಯುವಾಗ ಗಾಡಿ ಗುಂಯ್ ಎನ್ನದೆ ಹೋಯಿತಲ್ಲ, ಆ ದಿನವೇ ಸಂಜೆ ಮಾವ ಗೋಡೆ ಹಿಡಿದುಕೊಂಡು ಅವನ ಅಂಗಡಿಗೆ ಹೋಗಿ, ಹೊಟ್ಟಿನ ಗುಂಪಿಯಿಂದ ಒಂದು ಚಿಟಿಕೆ ತೆಗೆದು ತಿಕ್ಕಿ ಮೂಸಿದ್ದರಂತೆ. ಯಾಕ್ರಿ ಕಾಕಾ ಎಂದು ಇವನು ಕೇಳಿದರೆ, "ಏನಿಲ್ಲಪಾ, ನಮ್ಮ ಅಳಿಯಾಗ ಬೇಕಾಗಿತ್ತು, ಒಣಾ ಐತೇನ ಅಂತ ನೋಡಿದೆ" ಎಂದರಂತೆ. ಅವರಿಗೆ ಅವತ್ತೇ ಎಲ್ಲ ಗೊತ್ತಿತ್ತು. ಇಷ್ಟನ್ನು ಮಾತ್ರ ಅವರಿಗೆ ಓದಿ ಹೇಳಬೇಡ.